ಹುಣಸೂರಿನ ಪಿನ್ ಕೋಡಿನಲ್ಲಿ ಅಡಗಿರುವ ಅವಿಭಾಜ್ಯ

ಪ್ರಶ್ನೆ: ಜಗತ್ತಿಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ ಎಂದು ಓದಿದೆ. ಅದು ಯಾವುದರಿಂದಲೂ ಭಾಗವಾಗುವುದಿಲ್ಲ ಎಂಬುದನ್ನು ಯಾರು ಭಾಗಿಸಿ ನೋಡಿದರು? ಭಾಗವಾಗದಿರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಗುಣವೇನಾದರೂ ಉಂಟೆ? ಅದರಿಂದ ಪ್ರಯೋಜನವೇನು? ನಮ್ಮೂರಿನ ಪಿನ್ ಕೋಡ್ 571105. ಕೊನೆಯಲ್ಲಿ 5 ಇರುವುದರಿಂದ ಅದಂತೂ ಅವಿಭಾಜ್ಯವಲ್ಲ ಎಂದು ನನಗೂ ಗೊತ್ತು.
– ಓದುಗರೊಬ್ಬರು, ಹುಣಸೂರು

ಉತ್ತರ: ಕೊನೆಯ 5 ಕಂಡೊಡನೆ ನಿಮ್ಮೂರಿನ ಪಿನ್ ಕೋಡನ್ನು ಕೈಬಿಟ್ಟಿರಲ್ಲ, ಆ 5ರಿಂದ ಭಾಗಿಸಿ ಉಳಿದದ್ದೇನು ಎಂದು ನೋಡಬೇಕಿತ್ತು. 571105 = 5 × 114221. ಈ 114221 ಅವಿಭಾಜ್ಯ. ನಾಲ್ಕು ಕೋಟಿ ಅಂಕಿಯ ದೈತ್ಯನ ವಿಚಾರಕ್ಕೆ ಆಮೇಲೆ ಬರೋಣ. ದೊಡ್ಡ ಅವಿಭಾಜ್ಯದ ಗುಣ ತಿಳಿಯಲು ಈ ಆರಂಕಿಯದೇ ಸಾಕು. ಯಾರ ಮಾತನ್ನೂ ನಂಬಬೇಕಿಲ್ಲ, ಕಾಗದ ಪೆನ್ನು ಹಿಡಿದು ನೀವೇ ಪರೀಕ್ಷಿಸಬಹುದು.

ಪರೀಕ್ಷೆ ಹೀಗೆ. ಒಂದು ಸಂಖ್ಯೆಗೆ ಅಪವರ್ತನಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರಿರುವುದಿಲ್ಲ. 338ರ ವರ್ಗ 114244. ಅದು ಆಗಲೇ 114221ನ್ನು ದಾಟಿತು. ಆದ್ದರಿಂದ 337ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರಾಯಿತು. ಅಂಥವು 2, 3, 5, 7 ಎಂದು ಶುರುವಾಗಿ 337ಕ್ಕೆ ನಿಲ್ಲುತ್ತವೆ, ಒಟ್ಟು 68. ಅರವತ್ತೆಂಟು ಭಾಗಾಕಾರ ಬೇಸರದ ಕೆಲಸವೇ, ಆದರೆ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಹೊತ್ತು ಬೇಡ. ಯಾವುದರಿಂದ ಭಾಗಿಸಿದರೂ ಶೇಷ ಉಳಿಯುತ್ತದೆ.

ಹುಣಸೂರಿನದು ಹೀಗಾದರೆ ಸುತ್ತಲಿನ ತಾಲ್ಲೂಕು ಕೇಂದ್ರಗಳದು ಹೇಗೆ ಎಂದು ಅವನ್ನೂ ಒಡೆದು ನೋಡಿದೆ:

ಹುಣಸೂರು: 571105 = 5 × 114221
ಪಿರಿಯಾಪಟ್ಟಣ: 571107 = 3 × 190369
ಕೆ.ಆರ್. ನಗರ: 571602 = 6 × 95267
ಎಚ್.ಡಿ. ಕೋಟೆ: 571114 = 2 × 285557

ಬಲಗಡೆಯ ನಾಲ್ಕು ದೊಡ್ಡ ಸಂಖ್ಯೆಗಳೂ ಅವಿಭಾಜ್ಯಗಳೇ! ನಾಲ್ಕು ಪಿನ್ ಕೋಡುಗಳಲ್ಲಿ ಒಂದೂ ಅವಿಭಾಜ್ಯವಲ್ಲ, ಆದರೆ ನಾಲ್ಕರಲ್ಲೂ ಒಂದೊಂದು ದೊಡ್ಡ ಅವಿಭಾಜ್ಯ ಕೂತಿದೆ. ಇದು ಬರೀ ಕಾಕತಾಳೀಯ. 1972ರಲ್ಲಿ ಪಿನ್ ಕೋಡ್ ಜಾರಿಗೆ ಬಂದಾಗ ಅಂಚೆ ಇಲಾಖೆಯವರು ಟಪಾಲು ವಿಂಗಡಣೆಯ ಅನುಕೂಲ ನೋಡಿಕೊಂಡು ಸಂಖ್ಯೆ ಕೊಟ್ಟರೇ ಹೊರತು ಅಪವರ್ತನ ನೋಡಿಕೊಂಡು ಅಲ್ಲ. ಸಂಖ್ಯಾಶಾಸ್ತ್ರದವರು ಇದರಿಂದ ಊರಿನ ಭವಿಷ್ಯ ಹೇಳಲು ಹೊರಟರೆ ದಯವಿಟ್ಟು ನನ್ನ ಹೆಸರು ಎಳೆಯಬೇಡಿ.

ಇನ್ನು ಗುಣದ ಮಾತು. ಅವಿಭಾಜ್ಯವನ್ನು ಭಾಗಿಸಲಾಗದು ಎಂಬುದು ಅದರ ಲಕ್ಷಣ. ಲಕ್ಷಣ ತಿಳಿದ ಮೇಲೆ ಗಣಿತಜ್ಞ ಕೇಳುವ ಮೊದಲ ಪ್ರಶ್ನೆ: 4ರಿಂದ ಭಾಗಿಸಿದರೆ ಶೇಷವೆಷ್ಟು? 2 ಒಂದನ್ನು ಬಿಟ್ಟರೆ ಅವಿಭಾಜ್ಯಗಳೆಲ್ಲ ಬೆಸ ಸಂಖ್ಯೆಗಳು, ಆದ್ದರಿಂದ ಶೇಷ 1 ಇರಬೇಕು, ಇಲ್ಲವೇ 3. ಕೊನೆಯ ಎರಡು ಅಂಕಿ ನೋಡಿದರೇ ಗೊತ್ತಾಗುವ ಈ ಸಣ್ಣ ಸಂಗತಿ ಅವಿಭಾಜ್ಯಗಳನ್ನು ಎರಡು ಜಾತಿಯಾಗಿ ಸೀಳುತ್ತದೆ. 1640ರ ಡಿಸೆಂಬರ್ 25ರಂದು ಫ್ರಾನ್ಸಿನ ಫರ್ಮಾ ತನ್ನ ಸ್ನೇಹಿತನೊಬ್ಬನಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿದ: ಶೇಷ 1 ಬರುವ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಶೇಷ 3 ಬಂದರೆ ಎಷ್ಟು ತಡಕಿದರೂ ಆಗದು. ಫರ್ಮಾ ಸಾಧನೆ ಬರೆದಿಡಲಿಲ್ಲ. ನೂರಕ್ಕೂ ಹೆಚ್ಚು ವರ್ಷದ ನಂತರ ಆಯ್ಲರ್ ಸಾಧಿಸಿ ತೋರಿಸಿದ.

ಎರಡನೆಯ ಅರ್ಧದ ಕಾರಣ ಸುಲಭ. ಸಮಸಂಖ್ಯೆಯ ವರ್ಗ 4ರಿಂದ ಪೂರ್ತಿ ಭಾಗವಾಗುತ್ತದೆ. ಬೆಸಸಂಖ್ಯೆಯ ವರ್ಗಕ್ಕೆ ಶೇಷ ಯಾವಾಗಲೂ 1. ಅಂಥ ಎರಡನ್ನು ಕೂಡಿಸಿದರೆ ಶೇಷ 0, 1 ಅಥವಾ 2 ಬಂದೀತು. 3 ಬರಲು ದಾರಿಯೇ ಇಲ್ಲ. ಶೇಷ 1 ಬಂದರೆ ಆಗಿಯೇ ತೀರುತ್ತದೆ ಎಂಬ ಮೊದಲ ಅರ್ಧವೇ ಕಷ್ಟದ್ದು.

ಹುಣಸೂರಿನ 114221ರ ಕೊನೆಯ 21ನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾದರೆ ಎರಡು ವರ್ಗಗಳು ಎಲ್ಲೋ ಇರಲೇಬೇಕು. ಹುಡುಕಿದರೆ ಸಿಗುತ್ತವೆ:

114221 = 125² + 314²

15625ಕ್ಕೆ 98596 ಕೂಡಿಸಿ ನೋಡಿ. 125 ಅಡಿ ಅಗಲ, 314 ಅಡಿ ಉದ್ದದ ಹೊಗೆಸೊಪ್ಪಿನ ಹೊಲಕ್ಕೆ ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು, ಆ ಹಗ್ಗದಷ್ಟೇ ಬಾಹುವಿರುವ ಚೌಕ ಹಾಕಿದರೆ ಅದರ ವಿಸ್ತೀರ್ಣ 114221 ಚದರಡಿ. ಪೂರ್ಣಾಂಕದ ಅಳತೆಯ ಬೇರೆ ಯಾವ ಹೊಲದಿಂದಲೂ ಇದೇ ವಿಸ್ತೀರ್ಣ ಬರದು. ಒಂದೇ ರೀತಿ ಎಂದರೆ ಅರ್ಥ ಇದು.

ಪಿನ್ ಕೋಡಿನ ಇನ್ನೊಂದು ಅಪವರ್ತನ 5 ಕೂಡ ಅದೇ ಜಾತಿಯದು: 5 = 1² + 2². ಎರಡು ವರ್ಗಗಳ ಮೊತ್ತವಾದ ಎರಡು ಸಂಖ್ಯೆಗಳನ್ನು ಗುಣಿಸಿದರೆ ಗುಣಲಬ್ಧವೂ ಹಾಗೆಯೇ ಇರುತ್ತದೆ ಎಂಬ ಸೂತ್ರವನ್ನು ಇಂದು ಬ್ರಹ್ಮಗುಪ್ತನ ಹೆಸರಿನಿಂದ ಕರೆಯುತ್ತಾರೆ. ಆತನ 'ಬ್ರಾಹ್ಮಸ್ಫುಟಸಿದ್ಧಾಂತ' 628ನೇ ಇಸವಿಯದು. ಸೂತ್ರವನ್ನು ಇಲ್ಲಿ ಹಚ್ಚಿದರೆ 125ಕ್ಕೆ 314ರ ಎರಡರಷ್ಟು ಕೂಡಿಸಿ 753. 125ರ ಎರಡರಷ್ಟಕ್ಕೂ 314ಕ್ಕೂ ಇರುವ ವ್ಯತ್ಯಾಸ 64. ಕೂಡಿಸುವ ಕಡೆ ಕಳೆದು, ಕಳೆಯುವ ಕಡೆ ಕೂಡಿಸಿದರೆ 503 ಮತ್ತು 564. ಹೀಗಾಗಿ

571105 = 753² + 64² = 503² + 564²

ರಾಮಾನುಜನ್ ಅವರ 1729 ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಒಡೆಯುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನೀವು ಪ್ರತಿ ಲಕೋಟೆಯ ಮೇಲೆ ಬರೆಯುವ ಸಂಖ್ಯೆ ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಒಡೆಯುತ್ತದೆ. ಇಂಥ ಸಂಖ್ಯೆಗಳು ಬೇಕಾದಷ್ಟಿವೆ, ಅಪರೂಪವೇನಲ್ಲ. ಆದರೂ ತಮ್ಮೂರಿನದು ಹಾಗಿದೆ ಎಂದು ತಿಳಿದರೆ ಖುಷಿ ಆಗದಿರುತ್ತದೆಯೇ?

ಎಚ್.ಡಿ. ಕೋಟೆಯ 285557ಕ್ಕೂ ಶೇಷ 1. ಅದು 361² + 394². ಅದರ ಎರಡರಷ್ಟಾದ ಪಿನ್ ಕೋಡ್ 571114 = 755² + 33². ಇದಕ್ಕೆ ಎರಡನೆಯ ಬಗೆ ಇಲ್ಲ. ಪಿರಿಯಾಪಟ್ಟಣದ ಕಥೆ ಬೇರೆ. ಅಲ್ಲಿನ ದೊಡ್ಡ ಅವಿಭಾಜ್ಯ ಒಳ್ಳೆಯದೇ: 190369 = 305² + 312². ಆದರೆ ಜೊತೆಗಿರುವ 3 ಎಲ್ಲವನ್ನೂ ಕೆಡಿಸುತ್ತದೆ. 571107ಕ್ಕೆ ಶೇಷ 3, ಆದ್ದರಿಂದ ಅದು ಎರಡು ವರ್ಗಗಳ ಮೊತ್ತವಾಗುವಂತಿಲ್ಲ. ಕೆ.ಆರ್. ನಗರದ 95267ಕ್ಕೆ ಶೇಷ 3, ಅದರ ಪಕ್ಕದ 6ರೊಳಗಿನ 3ಕ್ಕೂ ಶೇಷ 3. ಅಲ್ಲಿ ಆಸೆಯೇ ಬೇಡ.

ಎಷ್ಟು ಬಗೆ ಎಂದು ಹುಡುಕದೆಯೇ ಹೇಳುವ ಸೂತ್ರವೂ ಇದೆ. ಜರ್ಮನಿಯ ಯಾಕೋಬಿಯದು, 19ನೇ ಶತಮಾನದ್ದು. ಸಂಖ್ಯೆಯ ಎಲ್ಲ ಭಾಜಕಗಳನ್ನು ಬರೆದು, 4ರಿಂದ ಭಾಗಿಸಿದಾಗ ಶೇಷ 1 ಬರುವವು ಎಷ್ಟು, 3 ಬರುವವು ಎಷ್ಟು ಎಂದು ಎಣಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು 4ರಿಂದ ಗುಣಿಸಿ. 571105ಕ್ಕೆ ಭಾಜಕಗಳು 1, 5, 114221, 571105. ನಾಲ್ಕಕ್ಕೂ ಶೇಷ 1, ಆದ್ದರಿಂದ ಉತ್ತರ 16. ಧನ, ಋಣ ಚಿಹ್ನೆಗಳನ್ನೂ ಹಿಂದುಮುಂದಾದ ಜೋಡಿಗಳನ್ನೂ ಬೇರೆಬೇರೆಯಾಗಿ ಎಣಿಸಿದ ಲೆಕ್ಕ ಇದು. ಒಂದೊಂದು ಬಗೆ ಎಂಟೆಂಟು ಸಲ ಬರುವುದರಿಂದ ನಿಜವಾದ ಬಗೆಗಳು ಎರಡು, ಮೇಲೆ ಸಿಕ್ಕಷ್ಟೇ. ಪಿರಿಯಾಪಟ್ಟಣಕ್ಕೆ ಶೇಷ 1 ಬರುವವು ಎರಡು, 3 ಬರುವವು ಎರಡು; ಕಳೆದರೆ ಸೊನ್ನೆ.

ಈ ಯಾಕೋಬಿ ಪ್ರಮೇಯಕ್ಕೆ ನಿಮ್ಮೂರಿನಿಂದ ಒಂದು ಗಂಟೆ ದಾರಿಯ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಗಣಿತ ವಿಭಾಗದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ ಅವರು 1988ರಲ್ಲಿ ಯಾಕೋಬಿಯ ಎರಡು ವರ್ಗಗಳ ಮತ್ತು ನಾಲ್ಕು ವರ್ಗಗಳ ಪ್ರಮೇಯಗಳಿಗೆ ಸರಳ ಸಾಧನೆಗಳನ್ನು ಪ್ರಕಟಿಸಿದರು. ರಾಮಾನುಜನ್ ಅವರ ನೋಟ್‌ಬುಕ್ಕಿನ ಸೂತ್ರಗಳ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದ ವಿಭಾಗ ಅದು. ನಮ್ಮ ಪತ್ರಿಕೆಗಳು ಅದರ ಬಗ್ಗೆ ಬರೆದದ್ದು ಕಡಿಮೆ. ಪಕ್ಕದ ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರೂ ಇಲ್ಲಿ ನೆನಪಾಗಬೇಕಾದವರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಅವರು ಆರ್. ಬಾಲಸುಬ್ರಮಣಿಯನ್ ಜೊತೆಗೂಡಿ 1978ರಲ್ಲಿ 'ಹಾರ್ಡಿ–ರಾಮಾನುಜನ್ ಜರ್ನಲ್' ಆರಂಭಿಸಿದರು. 1969ರ ಅವರ ಒಂದು ಪ್ರಬಂಧದ ವಿಷಯವೇ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳು. ಬಹು ದೊಡ್ಡ ಸಂಖ್ಯೆಯೊಂದರಿಂದ ಹೊರಟು ಅದರ ವರ್ಗಮೂಲದಷ್ಟೇ ಮುಂದೆ ಹೋದರೆ, ಆ ವರ್ಗಮೂಲವನ್ನು ಸಾಕಷ್ಟು ಮೀರಿದ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆ ಸಿಕ್ಕೇ ಸಿಗುತ್ತದೆ ಎಂದು ಅವರು ತೋರಿಸಿದರು. ನಿಮ್ಮ ನಾಲ್ಕು ತಾಲ್ಲೂಕಿನ ಪಿನ್ ಕೋಡುಗಳು ಅಂಥ ಸಂಖ್ಯೆಗಳೇ: ವರ್ಗಮೂಲ 755ರ ಆಸುಪಾಸು, ಒಳಗಿನ ಅವಿಭಾಜ್ಯವೋ ಲಕ್ಷದ ಹತ್ತಿರ, ಇಲ್ಲವೇ ಅದಕ್ಕೂ ಮೇಲೆ.

ಇನ್ನೊಂದು ಮಾತು ಹೇಳಿ ದೈತ್ಯನ ಕಡೆ ಹೊರಡುತ್ತೇನೆ. ಪಿನ್ ಕೋಡಿನ ಮೊದಲ ಮೂರಂಕಿ 571 ಸ್ವತಃ ಅವಿಭಾಜ್ಯ. 569 ಕೂಡ ಅವಿಭಾಜ್ಯ. ನಡುವೆ ಎರಡರಷ್ಟೇ ಅಂತರವಿರುವ ಇಂಥ ಜೋಡಿಗೆ ಅವಳಿ ಅವಿಭಾಜ್ಯಗಳು ಎಂದು ಹೆಸರು. ನಡುವೆ ಸಿಕ್ಕಿಕೊಂಡ 570 ಯಾವುದು? ಮೈಸೂರು ನಗರದ ಪಿನ್ ಕೋಡುಗಳ ಆರಂಭ! 3 ಮತ್ತು 5ರ ಜೋಡಿಯೊಂದನ್ನು ಬಿಟ್ಟರೆ ಅವಳಿಗಳ ನಡುವೆ ಕೂರುವುದು ಯಾವಾಗಲೂ 6ರ ಗುಣಕ; 570 = 6 × 95. ಅವಳಿಗಳು ಮುಗಿಯದೆ ಬರುತ್ತಲೇ ಇರುತ್ತವೆಯೇ ಎಂಬ ಪ್ರಶ್ನೆಗೆ ಯಾರಿಗೂ ಉತ್ತರ ಸಿಕ್ಕಿಲ್ಲ.

ಈಗ ನಾಲ್ಕು ಕೋಟಿ ಅಂಕಿಯದು. ಅದು 2ನ್ನು 13,62,79,841 ಸಲ ಬರೆದು ಗುಣಿಸಿ 1 ಕಳೆದ ಸಂಖ್ಯೆ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಇದನ್ನು ಪತ್ತೆಹಚ್ಚಿದರು. ಅಂಕಿಗಳು 4,10,24,320. 88169 ಎಂದು ಆರಂಭ, 551 ಎಂದು ಅಂತ್ಯ. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೂ ಮುಗಿಸಲು 475 ದಿನ ಬೇಕು.

ಅವಿಭಾಜ್ಯಗಳು ಮೇಲೆ ಹೋದಂತೆ ವಿರಳವಾಗುತ್ತವೆ. ಹುಣಸೂರು ಆರ್‌ಟಿಒದ ಕೆಎ-45 ಫಲಕಗಳನ್ನು ತೆಗೆದುಕೊಳ್ಳಿ. ಒಂದೊಂದು ಸರಣಿಯಲ್ಲಿ 1ರಿಂದ 9999ರವರೆಗೆ ನಂಬರ್ ಇದ್ದರೆ ಅವುಗಳಲ್ಲಿ ಅವಿಭಾಜ್ಯಗಳು 1229, ಅಂದರೆ ಎಂಟಕ್ಕೊಂದು. ಕೊನೆಯದು 9973. ಐದೂಮುಕ್ಕಾಲು ಲಕ್ಷದ ಪಿನ್ ಕೋಡುಗಳ ಹತ್ತಿರ ಸರಾಸರಿ 13ಕ್ಕೊಂದು. ಡ್ಯುರಾಂಟ್ ಸಂಖ್ಯೆಯ ಆಸುಪಾಸಿನಲ್ಲಿ ಸುಮಾರು 9 ಕೋಟಿ 44 ಲಕ್ಷಕ್ಕೊಂದು. ಮುಗಿದುಹೋಗುವುದಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಸಾಧಿಸಿದ್ದಾನೆ, ಆದರೆ ಕಣ್ಣುಮುಚ್ಚಿ ಹುಡುಕಿದರೆ ಸಿಗುವಂಥದ್ದಲ್ಲ. ಅದಕ್ಕೇ ದಾಖಲೆ ಮುರಿಯುವವರು '2ರ ಘಾತದಲ್ಲಿ 1 ಕಳೆ' ಎಂಬ ಆಕಾರದ ಸಂಖ್ಯೆಗಳಿಗೆ ಜೋತುಬಿದ್ದಿದ್ದಾರೆ. ಇವಕ್ಕೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಫರ್ಮಾ ಡಿಸೆಂಬರ್ 25ರಂದು ಪತ್ರ ಬರೆದ ಸ್ನೇಹಿತ ಬೇರೆ ಯಾರೂ ಅಲ್ಲ, ಇದೇ ಮರ್ಸೆನ್ ಪಾದ್ರಿ.

ಈ ಆಕಾರದ ಅನುಕೂಲವೇನು? ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಇವುಗಳಲ್ಲಿ 1 ಬಿಟ್ಟು ಬೇರೆ ಅಂಕಿಯೇ ಇರುವುದಿಲ್ಲ. 31 ಎಂದರೆ 11111. ಬರೀ ಒಂದುಗಳ ಸಂಖ್ಯೆಯ ಮೋಹ ಕನ್ನಡ ನಾಡಿನಲ್ಲಿ ಹಳೆಯದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊರಳ ಹಾರದಂಥ ಗುಣಲಬ್ಧಗಳ ಲೆಕ್ಕಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದು 152207 × 73 = 11111111. (ಸಂಸ್ಕೃತದ ಈ ಗ್ರಂಥವನ್ನು ಕನ್ನಡಕ್ಕೆ ತಂದವರು ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮ, 2000ರಲ್ಲಿ ಹೊಂಬುಜದಿಂದ ಪ್ರಕಟವಾಯಿತು.) ಎಂಟು ಒಂದುಗಳ ಹಾರ ಒಡೆಯಲೇಬೇಕು, ಏಕೆಂದರೆ 8 ಒಡೆಯುವ ಸಂಖ್ಯೆ: 11111111 = 1111 × 10001. ದ್ವಿಮಾನದಲ್ಲೂ ಇದೇ ನ್ಯಾಯ. ಒಂದುಗಳ ಎಣಿಕೆ ಅವಿಭಾಜ್ಯವಾಗಿಲ್ಲದಿದ್ದರೆ ಸಂಖ್ಯೆಯೂ ಅವಿಭಾಜ್ಯವಾಗದು. ಆದ್ದರಿಂದ 13,62,79,841 ಕೂಡ ಅವಿಭಾಜ್ಯವೇ.

ಎಣಿಕೆ ಅವಿಭಾಜ್ಯವಾದ ಮಾತ್ರಕ್ಕೆ ಗೆದ್ದಂತಲ್ಲ. ಹನ್ನೊಂದು ಒಂದುಗಳ ಸಂಖ್ಯೆ 2047. ಅದು 23 × 89. ಗೆದ್ದಿತೋ ಸೋತಿತೋ ಎಂದು ಹೇಳುವ ಪರೀಕ್ಷೆಯೇ ನಿಮ್ಮ 'ಯಾರು ಭಾಗಿಸಿ ನೋಡಿದರು' ಎಂಬ ಪ್ರಶ್ನೆಗೆ ಉತ್ತರ. ಯಾರೂ ಭಾಗಿಸಿ ನೋಡಲಿಲ್ಲ! ಲ್ಯೂಕಾಸ್ 1870ರ ದಶಕದಲ್ಲಿ ಕಂಡುಕೊಂಡು, ಲೆಹ್ಮರ್ 1930ರ ಹೊತ್ತಿಗೆ ತಿದ್ದಿ ನೇರ್ಪುಗೊಳಿಸಿದ ಕ್ರಮ ಹೀಗಿದೆ: 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಒಂದುಗಳ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ.

127ನ್ನು ಪರೀಕ್ಷಿಸೋಣ. ಅದರಲ್ಲಿ ಏಳು ಒಂದುಗಳು, ಆದ್ದರಿಂದ ಐದು ಹೆಜ್ಜೆ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗದಲ್ಲಿ 2 ಕಳೆದರೆ 194, 127 ತೆಗೆದರೆ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು ಸರಿಯಾಗಿ 127 × 97. ಶೇಷ ಸೊನ್ನೆ, 127 ಗೆದ್ದಿತು. 2047ಕ್ಕೆ ಇದೇ ಕೆಲಸವನ್ನು ಒಂಬತ್ತು ಹೆಜ್ಜೆ ಮಾಡಿದರೆ ಕೊನೆಗೆ ಉಳಿಯುವುದು 1736. ಒಡೆಯುತ್ತದೆ ಎಂದು ಖಚಿತ, ಆದರೆ 23 ಮತ್ತು 89 ಎಂಬ ತುಂಡುಗಳ ಸುಳಿವು ಈ ಪರೀಕ್ಷೆಯಲ್ಲಿ ಎಲ್ಲೂ ಸಿಗುವುದಿಲ್ಲ. ಈ ವಿಚಿತ್ರ ನನಗೆ ಇಂದಿಗೂ ಬೆರಗಿನದು.

ಡ್ಯುರಾಂಟ್ ಸಂಖ್ಯೆಗೆ ಬೇಕಾದ ಹೆಜ್ಜೆಗಳು 13 ಕೋಟಿ 62 ಲಕ್ಷಕ್ಕೂ ಹೆಚ್ಚು, ಒಂದೊಂದರಲ್ಲೂ ನಾಲ್ಕು ಕೋಟಿ ಅಂಕಿಯ ವರ್ಗ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಕಟ್ಟಿದ ಗಿಂಪ್ಸ್ ಎಂಬ ಸ್ವಯಂಸೇವಕರ ಕೂಟದಲ್ಲಿ ಯಾರು ಬೇಕಾದರೂ ತಮ್ಮ ಕಂಪ್ಯೂಟರಿನ ಬಿಡುವಿನ ವೇಳೆ ಕೊಡಬಹುದು. ಡ್ಯುರಾಂಟ್ ಹದಿನೇಳು ದೇಶಗಳ ಡೇಟಾ ಸೆಂಟರುಗಳಲ್ಲಿ ಹರಡಿದ್ದ ಗ್ರಾಫಿಕ್ಸ್ ಚಿಪ್ಪುಗಳನ್ನು ದುಡಿಸಿದರು. ಸಾಮಾನ್ಯ ಸಂಖ್ಯೆಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಯಾವುದೇ ಸಂಖ್ಯೆಗೆ ಹೊಂದುವ, ಸಂದೇಹಕ್ಕೆ ಎಡೆಯಿಲ್ಲದ, ವೇಗದ ಕ್ರಮವೂ ಇದೆ ಎಂದು 2002ರಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ದೈತ್ಯನ ಗುಣಗಳು? ಅದರಿಂದ ಒಂದು ಪರಿಪೂರ್ಣ ಸಂಖ್ಯೆ ಹುಟ್ಟುತ್ತದೆ, 6, 28, 496ರ ವಂಶದ್ದು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಿದರೆ ತಾನೇ ಬರುವಂಥದ್ದು. ಗೊತ್ತಿರುವ ಇಂಥವುಗಳಲ್ಲಿ ಅದು 52ನೆಯದು. ಎರಡು ವರ್ಗಗಳ ಮೊತ್ತವೇ ಎಂದು ಕೇಳಿದರೆ, 4ರ ಗುಣಕದಲ್ಲಿ 1 ಕಳೆದ ಸಂಖ್ಯೆಗೆ ಶೇಷ 3. ಆದ್ದರಿಂದ ಆಗದು. ಹುಣಸೂರಿನ 114221 ಮಾಡುವ ಕೆಲಸ ಆ ನಾಲ್ಕು ಕೋಟಿ ಅಂಕಿಯದಕ್ಕೆ ಬಾರದು.

ಪ್ರಯೋಜನದ ಬಗ್ಗೆ ಮುಚ್ಚುಮರೆ ಬೇಡ: ಅಷ್ಟು ದೊಡ್ಡದರಿಂದ ವ್ಯವಹಾರದಲ್ಲಿ ಏನೂ ಇಲ್ಲ. ಲೋಕಕ್ಕೆ ಬೇಕಾದ ಅವಿಭಾಜ್ಯಗಳು ಮುನ್ನೂರು ಚಿಲ್ಲರೆ ಅಂಕಿಯವು. 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ರೂಪಿಸಿದ ಗೂಢಲಿಪಿಯಲ್ಲಿ ಅಂಥ ಎರಡನ್ನು ಗುಣಿಸಿ ಬಂದ 617 ಅಂಕಿಯ ಸಂಖ್ಯೆಯನ್ನು ಬಹಿರಂಗವಾಗಿ ಇಟ್ಟು, ಅಪವರ್ತನಗಳನ್ನು ಮಾತ್ರ ಗುಟ್ಟಾಗಿಡುತ್ತಾರೆ. ನಿಮ್ಮ ಪಿನ್ ಕೋಡಿನಲ್ಲಿ ಒಂದು ಅಪವರ್ತನ 5 ಆದದ್ದರಿಂದ ಕಣ್ಣಳತೆಯಲ್ಲೇ ಒಡೆಯಿತು. ಎರಡೂ ದೊಡ್ಡವಾದಾಗ ಒಡೆಯುವ ಸುಲಭ ದಾರಿ ಇಂದಿನ ಕಂಪ್ಯೂಟರುಗಳಿಗೂ ತಿಳಿದಿಲ್ಲ. ದಾಖಲೆಯ ಅವಿಭಾಜ್ಯ ಎಲ್ಲರಿಗೂ ಗೊತ್ತಿರುವುದರಿಂದ ಗುಟ್ಟಿಗೆ ಅದು ಉಪಯೋಗವಿಲ್ಲ. ಅದನ್ನು ಹುಡುಕಿದ್ದು ಹುಡುಕುವ ಹಟಕ್ಕೆ, ಆ ಹಟದಿಂದ ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ಕ್ರಮಗಳು ಹದಗೊಂಡವು. ನನ್ನ ಮಟ್ಟಿಗೆ ಅಷ್ಟು ಸಮರ್ಥನೆ ಸಾಕು.

ಮೇಲಿನ ಪಟ್ಟಿಯಲ್ಲಿ ಸರಗೂರಿನ ಪಿನ್ ಕೋಡನ್ನು ಬೇಕೆಂದೇ ಬಿಟ್ಟಿದ್ದೇನೆ. 571121 ನೋಡಲು ಅವಿಭಾಜ್ಯದಂತಿದೆ, ಆದರೆ 19 × 30059. ಈ 30059 ಮತ್ತೆ ಒಡೆಯುತ್ತದೆಯೇ ಎಂದು ತಿಳಿಯಲು 173ರವರೆಗಿನ 40 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಕ್ಯಾಲ್ಕುಲೇಟರ್ ಬಳಸಲು ಅಡ್ಡಿಯಿಲ್ಲ. ಉತ್ತರವನ್ನು ಕಾರ್ಡಿನಲ್ಲಿ ಬರೆದು ಕಳಿಸಿ, ಪಿನ್ ಕೋಡ್ ಬರೆಯಲು ಮರೆಯಬೇಡಿ.